ಸಾಲ ಬರೆಯೋ ಕಾಲಂ ಎಲ್ಲಿದೆ ಸ್ವಾಮಿ?

ಗೆ,
ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಹಾಗೂ ಗೃಹ ಸಚಿವಾಲಯದ ಅಧಿಕಾರಿಗಳು,
ನವದೆಹಲಿ

ಮಾನ್ಯರೇ,

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಹತ್ತು ಅಡಿ ಅಗಲದ ಅಂಗಡಿ ಇಟ್ಟುಕೊಂಡವನು. ಜೆರಾಕ್ಸ್, ಲ್ಯಾಮಿನೇಶನ್, ಪಹಣಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಅರ್ಜಿ ಎಲ್ಲಾ ಮಾಡಿಕೊಡುತ್ತೇನೆ. ನೀವು ದೆಹಲಿಯಲ್ಲಿ ಕೂತು ಫಾರಂ ಮಾಡುತ್ತೀರಿ. ಅದನ್ನು ತುಂಬಿಸುವವರು ನನ್ನಂಥವರು. ಆ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಕೆಲಸದವರು. ಸಲುಗೆಯಿಂದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಕಳೆದ ವರ್ಷ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾನೆ. ಊರು ಇಲ್ಲೇ ತಾಲ್ಲೂಕಿನ ಒಂದು ಹಳ್ಳಿ. ನಾಯಕನಹಟ್ಟಿ ಕಡೆ, ಕೇಂದ್ರ ಸರ್ಕಾರದ ಸಂಸ್ಥೆಗಳ ಬೇಲಿಯೊಳಗಿನ ಒಂದು ಕಡೆ, ಕಂಟ್ರಾಕ್ಟರ್ ಕೈಕೆಳಗೆ ಟೆಕ್ನಿಷಿಯನ್ ಕೆಲಸ ಸಿಗುವಂತಿತ್ತು. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಬೇಕು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಆಧಾರ್, ಮಾರ್ಕ್ಸ್ ಕಾರ್ಡ್, ಫೋಟೋ ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ಇಟ್ಟುಕೊಂಡು ಬಂದಿದ್ದ. ನಾನು ಟೈಪ್ ಮಾಡುತ್ತಾ ಹೋದೆ. ಹುಟ್ಟಿದ ತಾರೀಖು, ವಿಳಾಸ, ಹಿಂದೆ ಎಲ್ಲಿದ್ದೆ, ಕೇಸು ಇದೆಯಾ. ಹುಡುಗ ಹಿಂದಿನಿಂದ ಬಗ್ಗಿ ಪರದೆ ನೋಡುತ್ತಿದ್ದ. ಕೊನೆಗೆ ಮೆಲ್ಲಗೆ ಕೇಳಿದ.

"ಅಣ್ಣಾ, ಸಾಲ ಬರೆಯೋ ಕಾಲಂ ಎಲ್ಲೈತೆ?"

ಇಲ್ಲಪ್ಪ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. "ಬರೀಲಿಲ್ಲ ಅಂದ್ರೆ ಮುಚ್ಚಿಟ್ಟ ಅಂತಾರೆ. ಬರೆದ್ರೆ ಗೇಟ್ ಪಾಸ್ ಕೊಡಲ್ವಂತೆ. ಸಿಬಿಲ್ ನೋಡ್ತಾರಂತೆ" ಅಂದ. ಸಿಬಿಲ್ ಅಂದರೆ ಸಾಲ ಸರಿಯಾಗಿ ಕಟ್ಟಿದ್ದೀವಾ ಅಂತ ತೋರಿಸುವ ಮೂರಂಕಿಯ ಸ್ಕೋರ್. ಯಾರು ಹೇಳಿದ್ದು ಅಂತ ಕೇಳಿದೆ. "ಎಲ್ರೂ ಹೇಳ್ತಾರೆ" ಅಂದ. ನಾಳೆ ಬರ್ತೀನಣ್ಣ ಅಂತ ಕವರ್ ಎತ್ತಿಕೊಂಡು ಹೋದವನು ಬರಲೇ ಇಲ್ಲ. ಕಂಟ್ರಾಕ್ಟರ್ ಕೊಟ್ಟ ದಿನ ಮುಗಿಯಿತು. ಅವನ ಅರ್ಜಿ ನನ್ನ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿತ್ತು.

ಅವನನ್ನು ಯಾರೂ ರಿಜೆಕ್ಟ್ ಮಾಡಲಿಲ್ಲ. ಯಾವ ನಿಯಮವೂ ಅವನನ್ನು ಹೊರಗಿಡಲಿಲ್ಲ. ಒಂದು ಗಾಳಿಮಾತು ಹೊರಗಿಟ್ಟಿತು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಅವನ ಸಾಲ ಏನು ಅಂತ ನನಗೆ ಗೊತ್ತು. ಊರಿಗೇ ಗೊತ್ತು. ಅಪ್ಪನಿಗೆ ನಾಲ್ಕು ಎಕರೆ ಒಣ ಜಮೀನು. ಶೇಂಗಾ ಕೈಕೊಟ್ಟಿತು, ದಾಳಿಂಬೆ ಹಾಕೋಣ ಅಂದುಕೊಂಡರು. ದಾಳಿಂಬೆಗೆ ನೀರು ಬೇಕು. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲಾ ಸುತ್ತಿ ಪಾಯಿಂಟ್ ತೋರಿಸಿದರು. ತಮಿಳುನಾಡಿನ ರಿಗ್ ಲಾರಿ ಬಂತು. ಮೊದಲನೆಯದು ಫೇಲು. ಎರಡನೆಯದು ಎರಡು ಬೇಸಿಗೆ ನೀರು ಕೊಟ್ಟು ನಿಂತಿತು. ಮೂರನೆಯದಕ್ಕೆ ನಾನೂ ಹೋಗಿ ನಿಂತಿದ್ದೆ. ರಾತ್ರಿ ಹನ್ನೊಂದು ಗಂಟೆ, ಲಾರಿ ಲೈಟಿನಲ್ಲಿ ಹೊಲವೆಲ್ಲಾ ಬೆಳ್ಳಗೆ ಧೂಳು. 900 ಅಡಿ ದಾಟಿದರೂ ಧೂಳೇ. ನಿಲ್ಲಿಸಿ ಅನ್ನಲು ಅಪ್ಪನಿಗೆ ಬಾಯಿ ಬರುತ್ತಿಲ್ಲ. ಇನ್ನು ಇಪ್ಪತ್ತು ಅಡಿ, ಇನ್ನು ಇಪ್ಪತ್ತು ಅಡಿ. ಒಂದೊಂದು ಅಡಿಗೂ ಮೀಟರ್ ಓಡುತ್ತೆ. ತಾಯಿ ದೂರದಲ್ಲಿ ಬದುವಿನ ಮೇಲೆ ಕೂತಿದ್ದರು. ಅವರ ಬಳೆ, ಓಲೆ ಎಲ್ಲಾ ಅಷ್ಟೊತ್ತಿಗೆ ಗಿರವಿ ಅಂಗಡಿ ಸೇರಿತ್ತು.

ಆ ಸಾಲಕ್ಕೆ ಸೊಸೈಟಿ ಬಾಕಿ ಸೇರಿಸಿ, ಸಂಘದ ವಾರದ ಕಂತು ಸೇರಿಸಿ, ನೂರಕ್ಕೆ ಮೂರರ ಕೈಸಾಲ ಸೇರಿಸಿ. ಇದ್ಯಾವುದೂ ಹುಡುಗನ ಹೆಸರಲ್ಲಿಲ್ಲ. ಅವನ ಹೆಸರಲ್ಲಿರುವುದು ಎಜುಕೇಶನ್ ಲೋನ್ ಒಂದೇ. ಓದು ಮುಗಿದು ಒಂದು ವರ್ಷ ಬ್ಯಾಂಕಿನವರು ಕಾದರು. ಕೆಲಸ ಸಿಗಲಿಲ್ಲ, ಕಂತು ನಿಂತಿತು. ಕೆಲಸ ಸಿಕ್ಕರೆ ಸಾಲ ತೀರುತ್ತೆ. ಸಾಲ ಇದೆ ಅಂತ ಕೆಲಸದ ಹತ್ತಿರ ಹೋಗಲು ಭಯ. ಹೊಟ್ಟೆನೋವಿಗೆ ಊಟ ಬಿಟ್ಟು, ಊಟ ಬಿಟ್ಟಿದ್ದಕ್ಕೆ ಹೊಟ್ಟೆನೋವು ಬಂದ ಹಾಗೆ.

ಈ ಭಯ ಪೂರ್ತಿ ಸುಳ್ಳು ಅಂತಲೂ ನಾನು ಅವನಿಗೆ ಹೇಳುವ ಹಾಗಿರಲಿಲ್ಲ. ಸರ್ಕಾರಿ ಬ್ಯಾಂಕುಗಳ ನೇಮಕಾತಿ ಜಾಹೀರಾತಿನಲ್ಲಿ ಕ್ರೆಡಿಟ್ ಹಿಸ್ಟರಿ ಚೆನ್ನಾಗಿರಬೇಕು ಅನ್ನುವ ಷರತ್ತು ಬಂದಿದೆ. ಬಾಕಿ ಇದ್ದರೆ ಸಾಲ ಕೊಟ್ಟವರಿಂದ 'ತಕರಾರಿಲ್ಲ' ಅನ್ನುವ ಎನ್‌ಒಸಿ ತನ್ನಿ ಅಂತಲೂ ಇರುತ್ತದೆ. 2025ರಲ್ಲಿ ಮದ್ರಾಸ್ ಹೈಕೋರ್ಟ್, ಸಿಬಿಲ್ ಸರಿಯಿಲ್ಲ ಅಂತ ಒಂದು ಬ್ಯಾಂಕು ಒಬ್ಬರ ನೇಮಕ ರದ್ದು ಮಾಡಿದ್ದನ್ನು ಸರಿ ಅಂದಿತು. ಬೇರೆಯವರ ದುಡ್ಡು ಎಣಿಸುವ ಕೆಲಸ, ಬ್ಯಾಂಕಿನವರು ಕೇಳಿದರೆ ಕೇಳಲಿ ಬಿಡಿ. ಬರೆದಾದರೂ ಕೇಳಿದ್ದಾರೆ. ಆದರೆ ಆ ಸುದ್ದಿ ನಮ್ಮ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ 'ಸಾಲ ಇದ್ದವರಿಗೆ ಸರ್ಕಾರಿ ಕೆಲಸವೇ ಇಲ್ಲ' ಅಂತ ಆಗಿತ್ತು.

ಚಳ್ಳಕೆರೆಗೆ ಇದು ಜಾಸ್ತಿ ತಟ್ಟುತ್ತದೆ. ಮೊದಲು ನಮ್ಮ ಊರು ಅಂದರೆ ಎಣ್ಣೆ ಮಿಲ್ಲು, ಕಂಬಳಿ ಸಂತೆ. ಈಗ ಕುದಾಪುರ, ಉಳ್ಳಾರ್ತಿ ಕಾವಲಿನಲ್ಲಿ ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿ, ಐಐಎಸ್‌ಸಿ ಎಲ್ಲಾ, ಅಂದರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನದ ದೊಡ್ಡ ಸಂಸ್ಥೆಗಳು ಬಂದಿವೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ಚಿನೂಕ್ ಹೆಲಿಕಾಪ್ಟರಿನಲ್ಲಿ ರೆಕ್ಕೆ ಇರುವ ವಾಹನ ಒಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನೇ ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ದನ ಕುರಿ ಮೇಯುತ್ತಿದ್ದ ಅಮೃತ ಮಹಲ್ ಕಾವಲು ಹೋಯಿತು ಅನ್ನುವ ಸಂಕಟ ನಮ್ಮವರಿಗೆ ಇನ್ನೂ ಇದೆ, ಅದು ಬೇರೆ ಕತೆ. ಹೋದ ಕಾವಲಿಗೆ ಬದಲಾಗಿ ಮಕ್ಕಳಿಗೆ ಆ ಬೇಲಿಯೊಳಗೆ ಒಂದು ಕೆಲಸ ಅಂತ ಊರವರು ಆಸೆ ಇಟ್ಟುಕೊಂಡಿದ್ದಾರೆ. ಬೇಲಿಯೊಳಗೆ ಹೋಗಲು ವೆರಿಫಿಕೇಶನ್ ಬೇಕು. ಬೇಲಿಯ ಹೊರಗೆ ಸಾಲ ಇಲ್ಲದ ಮನೆ ಹುಡುಕಿಕೊಡಿ ನೋಡೋಣ.

ಸಾಲ ನೋಡಲೇಬೇಡಿ ಅಂತ ನಾನು ಕೇಳುತ್ತಿಲ್ಲ. ಯಾಕೆ ನೋಡುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಸಾಲ ಕುತ್ತಿಗೆಗೆ ಬಂದವನನ್ನು ಕೊಂಡುಕೊಳ್ಳುವುದು ಸುಲಭ. ಅಮೆರಿಕದಲ್ಲಿ ರೊನಾಲ್ಡ್ ಪೆಲ್ಟನ್ ಅಂತ ಒಬ್ಬ ಇದ್ದ, ಬೇರೆ ದೇಶದ ಸಂದೇಶ ಕದ್ದು ಕೇಳುವ ಅವರ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಯಲ್ಲಿ ಕೆಲಸ. 1979ರಲ್ಲಿ ದಿವಾಳಿ ಎದ್ದ, ಕೆಲಸವನ್ನೂ ಬಿಟ್ಟ. 1980ರ ಜನವರಿಯಲ್ಲಿ ಸೀದಾ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ತಲೆಯಲ್ಲಿದ್ದ ಗುಟ್ಟನ್ನೆಲ್ಲಾ ಮಾರಿದ. ಅವನಿಗೆ ಸಿಕ್ಕಿದ್ದು ಸುಮಾರು 35 ಸಾವಿರ ಡಾಲರ್. ಅಲ್ಲಿನ ಗೂಢಚಾರ ಸಂಸ್ಥೆ ಸಿಐಎಯ ಆಲ್ಡ್ರಿಚ್ ಏಮ್ಸ್‌ದೂ ಹೆಚ್ಚು ಕಡಿಮೆ ಅದೇ ದಾರಿ. ವಿಚ್ಛೇದನದ ಖರ್ಚು, ಮೈತುಂಬಾ ಸಾಲ, 1985ರಲ್ಲಿ 50 ಸಾವಿರ ಡಾಲರಿಗೆ ಶುರು ಮಾಡಿದ.

ಆದರೆ ಏಮ್ಸ್ ಕತೆಯಲ್ಲಿ ಮುಂದಿನದು ಕೇಳಿ. ದುಡ್ಡು ಬಂದ ಮೇಲೆ ಅವನ ಸಾಲವೆಲ್ಲಾ ತೀರಿತು. 5 ಲಕ್ಷ 40 ಸಾವಿರ ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ. ಜಾಗ್ವಾರ್ ಕಾರಿನಲ್ಲಿ ಆಫೀಸಿಗೆ ಬರುತ್ತಿದ್ದ. ಹಿಡಿದಿದ್ದು 1994ರಲ್ಲಿ. ಅಷ್ಟು ವರ್ಷ ಅವನ ಸಿಬಿಲ್ ತೆಗೆದಿದ್ದರೆ 800 ತೋರಿಸುತ್ತಿತ್ತೇನೋ! ನಮ್ಮ ಹುಡುಗನಿಗಿಂತ ಎಷ್ಟೋ ಚೆನ್ನಾಗಿ. ಸ್ಕೋರ್ ನೋಡಿ ಮನುಷ್ಯನನ್ನು ಅಳೆಯುವವರು ಇದನ್ನು ಒಂದು ಸಲ ಯೋಚನೆ ಮಾಡಬೇಕು ಅಲ್ವಾ?

ಆ ದೇಶದವರು ಯೋಚನೆ ಮಾಡಿ ಬರೆದಿಟ್ಟಿದ್ದಾರೆ. ನನ್ನ ಸೋದರತ್ತೆಯ ಮಗ ಅಲ್ಲಿನ ಪ್ರಜೆ, ಕೆಲಸಕ್ಕಾಗಿ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಟ್ಟಿನ ವಿಷಯ ನೋಡಲು ಸರ್ಕಾರದ ಒಪ್ಪಿಗೆ, ತೆಗೆದುಕೊಂಡವನು. ಊರಿಗೆ ಬಂದಾಗ ನಮ್ಮ ಅಂಗಡಿಯಲ್ಲೇ ಕೂತು ತೋರಿಸಿದ. ಎಸ್‌ಎಫ್-86 ಅಂತ ಫಾರಂ, ನೂರು ಪುಟದ ಮೇಲೆ ಇದೆ. ಫಾರಂ ತುಂಬಿಸುವ ವೃತ್ತಿಯವನಾಗಿ ಹೇಳುತ್ತೇನೆ, ನೋಡಿಯೇ ನನಗೆ ಸುಸ್ತಾಯಿತು. ಅದರಲ್ಲಿ 26ನೇ ಭಾಗ ಪೂರ್ತಿ ದುಡ್ಡಿನ ವಿಷಯ. ಏಳು ವರ್ಷದಲ್ಲಿ ದಿವಾಳಿ ಎದ್ದಿದ್ದೀಯಾ, ಯಾವ ಸಾಲವಾದರೂ 120 ದಿನ ದಾಟಿ ಬಾಕಿ ಬಿದ್ದಿದೆಯಾ, ತೆರಿಗೆ ಕಟ್ಟಿಲ್ಲವಾ, ಜೂಜಿನಿಂದ ದುಡ್ಡಿಗೆ ತೊಂದರೆ ಆಗಿದೆಯಾ. ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾರೆ.

ಕೇಳಿದ ಮೇಲೆ ಏನು ಮಾಡುತ್ತೇವೆ ಅನ್ನುವುದನ್ನೂ ಅವರು ಮುಚ್ಚಿಟ್ಟಿಲ್ಲ. 2017ರ ಜೂನ್‌ನಿಂದ ಜಾರಿಯಲ್ಲಿರುವ ಅವರ ಮಾರ್ಗಸೂಚಿಯಲ್ಲಿ 13 ವಿಷಯಗಳಿವೆ. 'ಎಫ್' ಅನ್ನುವುದು ಹಣಕಾಸಿನದು. ಯಾರು ಬೇಕಾದರೂ ಓದಬಹುದು. ಇಷ್ಟು ಸಾಲ ಇದ್ದರೆ ಫೇಲು, ಇಷ್ಟು ಸ್ಕೋರ್ ಇದ್ದರೆ ಪಾಸು ಅಂತ ಒಂದು ಗೆರೆಯೇ ಅದರಲ್ಲಿಲ್ಲ. ಸಾಲ ಯಾಕೆ ಆಯಿತು ಅಂತ ನೋಡುತ್ತಾರೆ. ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು, ವ್ಯಾಪಾರ ಬಿತ್ತು, ಮನೆಯಲ್ಲಿ ಸಾವಾಯಿತು, ಇಂಥವು ನಿನ್ನ ಕೈಮೀರಿದ್ದು ಅಂತ ಒಪ್ಪುತ್ತಾರೆ. ಕೈಮೀರಿದಾಗ ನೀನು ಸುಮ್ನೆ ಕೂತೆಯಾ, ಇಲ್ಲಾ ಸಾಲ ಕೊಟ್ಟವರ ಹತ್ತಿರ ಹೋಗಿ ಕಂತು ಮಾಡಿಸಿಕೊಂಡೆಯಾ ಅಂತ ಕೇಳುತ್ತಾರೆ. ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಕಟ್ಟುತ್ತಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲೂ ಸಾಲದಿಂದ ಕ್ಲಿಯರೆನ್ಸ್ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದೇನು ಧರ್ಮಛತ್ರ ಅಲ್ಲ. ಆದರೆ ಯಾಕೆ ಹೋಯಿತು ಅಂತ ಅವರಿಗೆ ಗೊತ್ತಿರುತ್ತದೆ, ಎದುರು ವಾದ ಹೇಳಲು ಅವಕಾಶ ಇರುತ್ತದೆ.

ನನ್ನ ಅತ್ತೆಮಗನಿಗೆ ಕ್ರೆಡಿಟ್ ಕಾರ್ಡಿನ ಬಾಕಿ ಇತ್ತಂತೆ. ಬರೆದ, ಕಾರಣ ಹೇಳಿದ, ಕಟ್ಟುತ್ತಿರುವ ರಸೀದಿ ತೋರಿಸಿದ, ಪಾಸಾಯಿತು. ಅವನು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. "ಸಾಲ ಇದ್ದಿದ್ದಕ್ಕೆ ಬೈಯಲಿಲ್ಲ ಮಾವ. ಬರೆಯದೆ ಬಿಟ್ಟಿದ್ದರೆ ಬಿಡ್ತಿರಲಿಲ್ಲ." ಸುಳ್ಳು ಹೇಳುವುದು ಆ ಮಾರ್ಗಸೂಚಿಯಲ್ಲಿ ಬೇರೆಯೇ ಒಂದು ವಿಷಯವಂತೆ, 'ಇ' ಅಂತ. ಅದು ಸಾಲಕ್ಕಿಂತ ಕೆಟ್ಟದ್ದು.

ನಾನು ನಿಮ್ಮ ಮುಂದೆ ಇಡುವ ಮಾತೂ ಇದೇ. ಊರಿಗೆಲ್ಲಾ ಗೊತ್ತಿರುವ ಸಾಲವನ್ನು ಹಿಡಿದುಕೊಂಡು ಯಾರನ್ನೂ ಆಡಿಸಲು ಬರುವುದಿಲ್ಲ. ಆ ಹುಡುಗನ ಹತ್ತಿರ ನಾಳೆ ಯಾರಾದರೂ ಬಂದು 'ನಿಮ್ಮಪ್ಪನ ಸಾಲದ ವಿಷಯ ಬಾಯಿ ಬಿಡ್ತೀನಿ' ಅಂದರೆ ಅವನು ನಗುತ್ತಾನೆ. ಮಾರಮ್ಮನ ಜಾತ್ರೆಯಲ್ಲಿ ಎಲ್ಲರ ಎದುರೇ ಬಡ್ಡಿಯವನು ಕೇಳಿ ಹೋಗಿದ್ದಾನೆ, ಇನ್ನೇನು ಬಾಯಿ ಬಿಡುವುದು? ಹಿಡಿಕೆ ಆಗುವುದು ಬಚ್ಚಿಟ್ಟ ಸಾಲ. ಮೊಬೈಲಿನ ಲೋನ್ ಆಪ್‌ನಲ್ಲಿ ತೆಗೆದಿದ್ದು, ಆನ್‌ಲೈನ್ ಜೂಜಿಗೆ ಹಾಕಿದ್ದು, ಹೆಂಡತಿಗೂ ಹೇಳದ್ದು. ಈಗ ನೀವು ನಿಯಮ ಏನು ಅಂತ ಹೇಳದೆ ಇದ್ದರೆ, ಗಾಳಿಮಾತಿಗೆ ಹೆದರಿ ಮಕ್ಕಳು ಇರುವ ಸಾಲವನ್ನೆಲ್ಲಾ ಬಚ್ಚಿಡಲು ಕಲಿಯುತ್ತಾರೆ. ಯಾವ ಹಿಡಿಕೆ ಶತ್ರುವಿಗೆ ಸಿಗಬಾರದು ಅಂತ ನೀವು ವೆರಿಫಿಕೇಶನ್ ಮಾಡುತ್ತೀರೋ, ಆ ಹಿಡಿಕೆಯನ್ನು ನೀವೇ ಕೂರಿಸಿಕೊಟ್ಟ ಹಾಗಾಗುತ್ತದೆ.

ಇದಕ್ಕೆ ಅಮೆರಿಕದ ಕಡೆ ನೋಡಬೇಕಾಗಿಯೂ ಇಲ್ಲ. ನಿಮ್ಮದೇ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 17ನೆಯದನ್ನು ತೆಗೆಯಿರಿ. ಸರ್ಕಾರಿ ನೌಕರ ಚಾಳಿಬಿದ್ದು ಸಾಲ ಮಾಡಬಾರದು, ದಿವಾಳಿ ಆಗಬಾರದು ಅನ್ನುತ್ತದೆ. ಸಾಲ ವಸೂಲಿಗೆ ಯಾರಾದರೂ ಕೋರ್ಟಿಗೆ ಹೋದರೆ ತಕ್ಷಣ ಸರ್ಕಾರಕ್ಕೆ ತಿಳಿಸು ಅನ್ನುತ್ತದೆ. ಕೆಳಗೆ ಒಂದು ಟಿಪ್ಪಣಿ ಇದೆ. ಮುಂದಾಗಿ ತಿಳಿಯಲಾಗದ, ಕೈಮೀರಿದ ಕಾರಣದಿಂದ ಸಾಲ ಆಗಿದ್ದು, ದುಂದುಗಾರಿಕೆಯಿಂದ ಅಲ್ಲ ಅಂತ ನೌಕರ ತೋರಿಸಿಕೊಡಬೇಕು. ಅಂದರೆ ಸಾಲದಲ್ಲಿ ಎರಡು ಜಾತಿ ಇದೆ ಅಂತ ನಿಮಗೆ 1964ರಲ್ಲೇ ಗೊತ್ತಿತ್ತು. ಒಳಗೆ ಬಂದವನಿಗೆ ಈ ಮಾತು ಹೇಳುತ್ತೀರಿ. ಬಾಗಿಲಲ್ಲಿ ನಿಂತವನಿಗೆ ಯಾಕೆ ಹೇಳುವುದಿಲ್ಲ?

ಕೇಂದ್ರ ಸರ್ಕಾರಿ ಕೆಲಸದ ಅಟೆಸ್ಟೇಶನ್ ಫಾರಂ ನಾನು ಎಷ್ಟೋ ತುಂಬಿಸಿದ್ದೇನೆ. ಮೇಲ್ಗಡೆಯೇ ಎಚ್ಚರಿಕೆ ಇರುತ್ತದೆ, ಸುಳ್ಳು ಬರೆದರೆ, ವಿಷಯ ಮುಚ್ಚಿಟ್ಟರೆ ಅನರ್ಹ ಅಂತ. ಅದರ ಕೆಳಗೆ ಬಂಧನ, ಕೇಸು, ಶಿಕ್ಷೆ, ಪರೀಕ್ಷೆಯಿಂದ ಡಿಬಾರ್ ಎಲ್ಲಾ ಕೇಳಿದ್ದೀರಿ. ಸಾಲ ಕೇಳಿದ್ದು ನಾನು ಕಂಡಿಲ್ಲ. ಕೇಳದೆ ಇರುವುದೇ ನಿಮ್ಮ ತೀರ್ಮಾನ ಆದರೆ ಒಳ್ಳೆಯದೇ. ಹಾಗಿದ್ದರೆ ಒಂದು ಸಾಲು ಹಾಕಿ, 'ಎಜುಕೇಶನ್ ಲೋನ್, ಬೆಳೆ ಸಾಲ ಇದ್ದರೆ ಇಲ್ಲಿ ಬರೆಯಬೇಕಿಲ್ಲ, ಅದರಿಂದ ಅನರ್ಹ ಆಗುವುದಿಲ್ಲ' ಅಂತ. ಕೇಳುವುದೇ ಆದರೆ ಕಾಲಂ ಕೊಟ್ಟು ಕೇಳಿ. ಎಷ್ಟು, ಯಾರಿಗೆ, ಯಾಕೆ, ಈಗ ಏನು ಮಾಡುತ್ತಿದ್ದೀಯಾ ಅಂತ ನಾಲ್ಕು ಗೆರೆ. ನಮ್ಮ ಮಕ್ಕಳು ನಿಜ ಬರೆಯುತ್ತಾರೆ. ನಾನೇ ಟೈಪ್ ಮಾಡಿಕೊಡುತ್ತೇನೆ.

ಒಂದು ಮಾತ್ರ ಬೇಡ. ಮೂರಂಕಿಯ ಸ್ಕೋರ್ ಒಂದನ್ನೇ ನೋಡಿ ಆಳು ಹೇಗೆ ಅಂತ ಬರೆದುಬಿಡಬೇಡಿ. ಆ ಸ್ಕೋರ್ ಬರುವ ಸಿಬಿಲ್ ರಿಪೋರ್ಟು ಹೇಗಿರುತ್ತದೆ ಅಂತ ದಿನಾ ನೋಡುವವನು ನಾನು. ನಮ್ಮ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರೇ ಜಾಸ್ತಿ. ಹಾಗಾಗಿ ಬೀದಿಗೆ ನಾಲ್ಕು ಜನ ತಿಪ್ಪೇಸ್ವಾಮಿ. ಅಪ್ಪನ ಹೆಸರೂ ಒಂದೇ ಆಗಿಬಿಡುತ್ತದೆ. ಒಬ್ಬ ತಿಪ್ಪೇಸ್ವಾಮಿಯ ಬೈಕ್ ಲೋನು ಇನ್ನೊಬ್ಬ ತಿಪ್ಪೇಸ್ವಾಮಿಯ ರಿಪೋರ್ಟಿನಲ್ಲಿ ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೂರು ಕೊಟ್ಟರೆ ಸರಿಯಾಗುತ್ತದೆ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಆದರೆ ಇದು ಎಷ್ಟು ಜನಕ್ಕೆ ಗೊತ್ತು? ರಿಪೋರ್ಟ್ ತೆಗೆದು ನೋಡುವುದೇ ಕೆಲಸ ಕೈತಪ್ಪಿದ ಮೇಲೆ.

ಇನ್ನೊಂದು 'ಸೆಟಲ್ಡ್' ಅನ್ನುವ ಪದ. ಬ್ಯಾಂಕಿನವರೇ ಕರೆದು, ಬಡ್ಡಿ ಬಿಡ್ತೀವಿ, ಇಷ್ಟು ಕಟ್ಟಿ ಮುಗಿಸಿ ಅನ್ನುತ್ತಾರೆ. ರೈತ ಎಮ್ಮೆ ಮಾರಿ ಕಟ್ಟುತ್ತಾನೆ. ಅವನ ಲೆಕ್ಕದಲ್ಲಿ ಋಣ ಮುಗಿಯಿತು. ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬರುತ್ತದೆ, ಪೂರ್ತಿ ಕಟ್ಟದವನು ಅಂತ ಅದರ ಅರ್ಥ. ಎಮ್ಮೆಯೂ ಹೋಯಿತು, ಹೆಸರೂ ಕೆಟ್ಟಿತು.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದೆ. ತಂಗಿಯ ಮನೆ, ಇಲ್ಲ ಅನ್ನಲು ಆಗುತ್ತಾ? ಎರಡು ವರ್ಷ ಮಳೆ ಕೈಕೊಟ್ಟಿತು, ಕಂತು ನಿಂತಿತು. ಜಾಮೀನು ಹಾಕಿದವನ ರಿಪೋರ್ಟಿನಲ್ಲೂ ಆ ಸಾಲ ಕಾಣುತ್ತದೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಅಂಗಡಿಗೆ ಹೊಸ ಪ್ರಿಂಟರ್ ತರಲು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಒಂದು ರೂಪಾಯಿ ಸಾಲ ತೆಗೆಯದ ನಾನು ಅವರ ಕಣ್ಣಲ್ಲಿ ಸುಸ್ತಿದಾರ. ಈಗ ಭಾವ ಪೂರ್ತಿ ಕಟ್ಟಿದ್ದಾನೆ. ನಾನು ಗುಟ್ಟು ಮಾರುವ ಮನುಷ್ಯನಾ, ಅಲ್ಲವಾ? ಆ ಸ್ಕೋರ್ ನೋಡಿ ಹೇಳಿ.

ಆ ಹುಡುಗ ಈಗ ಪೀಣ್ಯದಲ್ಲಿ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ನಾಲ್ಕು ಜನ ಸೇರಿ ರೂಮು ಮಾಡಿದ್ದಾರಂತೆ. ಎಜುಕೇಶನ್ ಲೋನಿನ ಕಂತು ಶುರು ಮಾಡಿದ್ದಾನೆ. ಹಬ್ಬಕ್ಕೆ ಬಂದಾಗ ಅಂಗಡಿಗೆ ಬಂದು, "ಅಣ್ಣಾ, ಇನ್ನೊಂದು ಸಲ ಕರೆದ್ರೆ ಹಾಕ್ಲಾ?" ಅಂತ ಕೇಳಿದ. ಹಾಕು ಅಂದೆ. ಸಾಲದ ಬಗ್ಗೆ ಮತ್ತೆ ಕೇಳಿದ. ದೆಹಲಿಗೇ ಬರೆದು ಕೇಳ್ತೀನಿ ತಡಿ ಅಂದೆ.

ಉತ್ತರ ಕೊಡುವುದಾದರೆ ಕನ್ನಡದಲ್ಲೇ ಕೊಡಿ. ಒಂದು ಪುಟ ಸಾಕು. ನನ್ನ ಅಂಗಡಿ ಗೋಡೆಯ ಮೇಲೆ ಯಾವ ಅರ್ಜಿಗೆ ಏನೇನು ದಾಖಲೆ ಬೇಕು ಅನ್ನುವ ಪಟ್ಟಿ ಅಂಟಿಸಿದ್ದೇನೆ. ಪೊಲೀಸ್ ವೆರಿಫಿಕೇಶನ್ ಪಕ್ಕದಲ್ಲಿ ಒಂದು ಹಾಳೆಯಷ್ಟು ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆಯ ಒಬ್ಬ ಜೆರಾಕ್ಸ್ ಅಂಗಡಿಯವನು